ಇಂಡೀ ಗೇಮ್‌ಗಳ ಪ್ರಚಾರ

ದೊಡ್ಡ ಪ್ರಕಾಶಕರ ಬೆಂಬಲವಿಲ್ಲದೆ ಒಬ್ಬರೋ ಸಣ್ಣ ತಂಡವೋ ರೂಪಿಸುವ ವಿಡಿಯೊ ಗೇಮ್‌ಗೆ ಇಂಡೀ ಗೇಮ್ ಎಂದು ಹೆಸರು. ಆಟ ರೂಪಿಸುವ ತಂತ್ರಾಂಶಗಳು, ಅಂದರೆ ಯೂನಿಟಿಯಂಥ ಗೇಮ್ ಎಂಜಿನ್‌ಗಳು, ಸಣ್ಣ ತಂಡಗಳಿಗೆ ಬಿಟ್ಟಿಯಾಗಿ ಸಿಗತೊಡಗಿದ ಮೇಲೆ ಆಟ ಕಟ್ಟುವ ಖರ್ಚು ಇಳಿಯಿತು. ಕಟ್ಟಿದ ಆಟ ಆಡುವವರ ಕಣ್ಣಿಗೆ ಬೀಳುವುದು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳನ್ನು ಬಲ್ಲವರಿಗೆ ಈ ಪಾಡು ಹೊಸದಲ್ಲ. ಭಾರತದ ಹತ್ತಿ ಹೆಣಿಗೆ ಉಡುಪಿನ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಊರಿನದು. ಕೊರಳ ಹಿಂದಿನ ಲೇಬಲ್ ಮಾತ್ರ ಬಹುಪಾಲು ಪರದೇಶದ ಕಂಪನಿಯದು. ಭಾರತದ ಗೇಮ್ ಉದ್ಯಮವೂ ಇದೇ ದಾರಿಯಲ್ಲಿ ಬೆಳೆಯಿತು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್, ಫೋರ್ಜಾದಂಥ ವಿದೇಶಿ ಆಟಗಳಿಗೆ ಕಲಾಕೆಲಸ ಮಾಡಿಕೊಟ್ಟು ಹೆಸರಾಯಿತು. 2019ರಲ್ಲಿ ವಿದೇಶಿ ಗೇಮ್ ಕಂಪನಿ ರಾಕ್‌ಸ್ಟಾರ್‌ನ ಪಾಲಾಯಿತು. ಗುತ್ತಿಗೆ ಕೆಲಸದಲ್ಲಿ ಕೈ ಪಳಗುತ್ತದೆ, ಗಿರಾಕಿಯ ಪರಿಚಯವಾಗುವುದಿಲ್ಲ. ತಿರುಪ್ಪೂರಿನ ರಾಮರಾಜ್ ಸ್ವಂತ ಹೆಸರಿನಲ್ಲೇ ಪಂಚೆ ಮಾರಿ ಗೆದ್ದದ್ದನ್ನು ಕನ್ನಡ ಟಿ.ವಿ. ನೋಡುವವರೂ ಬಲ್ಲರು. ಆದರೆ ಅಷ್ಟು ಜಾಹೀರಾತು ನಾಲ್ಕು ಮಂದಿಯ ಗೇಮ್ ತಂಡಕ್ಕೆ ಆಗದ ಮಾತು.

ಕಂಪ್ಯೂಟರ್ ಆಟಗಳ ಮುಖ್ಯ ಅಂಗಡಿ ಸ್ಟೀಮ್. 2017ರ ಜೂನ್‌ನಿಂದ ಅಲ್ಲಿ 100 ಡಾಲರ್ ಕಟ್ಟಿದ ಯಾರೇ ಆದರೂ ಆಟವನ್ನು ಮಾರಾಟಕ್ಕಿಡಬಹುದು. ಬಾಗಿಲು ಅಗಲವಾದಂತೆ ಸಂತೆಯೂ ತುಂಬಿತು: 2024ರಲ್ಲಿ ಬಂದ ಆಟಗಳೇ 18,000ಕ್ಕೂ ಹೆಚ್ಚು. ಹಾಗಾಗಿ ಬಿಡುಗಡೆಗೆ ತಿಂಗಳುಗಟ್ಟಲೆ ಮುಂಚೆಯೇ ಪುಟ ತೆರೆದು ‘ವಿಶ್‌ಲಿಸ್ಟ್’ ಕೂಡಿಸಬೇಕು. ಆಟವನ್ನು ಆ ಪಟ್ಟಿಗೆ ಸೇರಿಸಿಕೊಂಡವರಿಗೆ ಬಿಡುಗಡೆಯ ದಿನ ಸ್ಟೀಮ್ ತಾನೇ ಮಿಂಚಂಚೆ ಕಳಿಸುತ್ತದೆ. ಸ್ಟೀಮ್ ವರ್ಷಕ್ಕೆ ಮೂರು ಸಲ ನಡೆಸುವ ನೆಕ್ಸ್ಟ್ ಫೆಸ್ಟ್ ಉತ್ಸವದಲ್ಲಿ ಡೆಮೊ ಇಡಬಹುದು, ಆದರೆ ಒಂದು ಆಟಕ್ಕೆ ಒಂದೇ ಅವಕಾಶ. ಅರೆಬೆಂದ ಡೆಮೊ ಇಟ್ಟು ಅದನ್ನು ಕಳೆದುಕೊಂಡರೆ ಮುಗಿಯಿತು. ಎರಡು ಗಂಟೆಯೊಳಗೆ ಆಡಿ ಬಿಟ್ಟವರು ಕೇಳಿದರೆ ಹಣ ವಾಪಸಾಗುವುದರಿಂದ ತೀರ ಚಿಕ್ಕ ಆಟಗಳಿಗೆ ಇನ್ನೊಂದು ಅಳುಕು.

ಮೊಬೈಲ್‌ನ ಲೆಕ್ಕವೇ ಬೇರೆ. ಭಾರತದಲ್ಲಿ ಹೆಚ್ಚಿನವರು ಆಡುವುದು ಫೋನಿನಲ್ಲಿ, ಅದೂ ಪುಕ್ಕಟೆಯಾಗಿ. ಕೊಯಮತ್ತೂರಿನಲ್ಲಿ ಎಸ್ಕೇಪ್ ಗೇಮ್, ಅಂದರೆ ಬೀಗ ಬಿದ್ದ ಕೋಣೆಯಲ್ಲಿ ಸುಳಿವು ಹುಡುಕಿ ಪಾರಾಗುವ ಆಟ, ತಯಾರಿಸುವವರಿದ್ದಾರೆ. ಇಂಥ ಆಟಗಳ ಗಳಿಕೆ ಬಹುಮಟ್ಟಿಗೆ ನಡುನಡುವೆ ಬರುವ ಜಾಹೀರಾತಿನದು. ಆಟದ ಹೆಸರು, ಐಕಾನ್, ಹುಡುಕುವವರು ಟೈಪಿಸುವ ಪದಗಳು, ಇವೇ ಅದರ ಪ್ರಚಾರ.

ಆಟವನ್ನು ಎಲ್ಲಿ ತೋರಿಸುತ್ತೇವೆ ಎಂಬುದೂ ಮುಖ್ಯ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ ಆಟಕ್ಕೆ 2017ರಲ್ಲಿ ಜನರಿಂದ ಹಣ ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ 1,20,000 ಪೌಂಡ್ ಕೂಡಲಿಲ್ಲ. ಮೂರು ವರ್ಷಗಳ ನಂತರ, 2020ರ ಆಗಸ್ಟ್ 18ರಂದು, ನಿಂಟೆಂಡೊದ ಇಂಡೀ ವರ್ಲ್ಡ್ ಪ್ರದರ್ಶನದಲ್ಲಿ ಕಾಣಿಸಿಕೊಂಡು ಅಂದೇ ಆ ಕಂಪನಿಯ ಗೇಮ್ ಯಂತ್ರವಾದ ಸ್ವಿಚ್‌ನಲ್ಲಿ ಬಿಡುಗಡೆಯಾಯಿತು. ದೇವತೆಗಳ ಕಥೆ ಅದೇ, ಆಟದ ನಾಯಕಿಯಾದ ಹುಡುಗಿಯೂ ಅವಳೇ. ತೋರಿಸಿದ ವೇದಿಕೆ ಬೇರೆ.

ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದ ‘ವೆಣ್ಬಾ’ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ಅಡುಗೆಮನೆಯ ಆಟ. ಅಮ್ಮನ ಹರಿದ ಪಾಕಪುಸ್ತಕ ನೋಡಿಕೊಂಡು ಇಡ್ಲಿ ಬೇಯಿಸಬೇಕು. ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಾದ, ಒಂದೇ ಚಿತ್ರದಲ್ಲಿ ಬಾಯಲ್ಲಿ ನೀರೂರಿಸುವ ವಸ್ತು. ಪ್ರಚಾರಕ್ಕೆ ಇದಕ್ಕಿಂತ ಚೆನ್ನಾಗಿ ಒದಗಿಬರುವುದು ಕಡಿಮೆ. ಬಿಡುಗಡೆಯ ದಿನವೇ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ಗೂ ಬಂದದ್ದರಿಂದ, ಕೊಳ್ಳಲೋ ಬೇಡವೋ ಎಂದು ಅನುಮಾನಿಸುವ ಗೊಡವೆಯಿಲ್ಲದೆ ಅದರ ಚಂದಾದಾರರು ಆಡಿ ನೋಡಬಹುದಿತ್ತು. 2024ರಲ್ಲಿ ‘ವೆಣ್ಬಾ’ಗೆ ಚೊಚ್ಚಲ ಆಟಕ್ಕೆ ಕೊಡುವ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ದೊರೆಯಿತು.