ಸಿಂದಗಿ ಸೀಮೆಯ ವನ್ಯಜೀವಿ ತಿಳಿವಳಿಕೆಯ ಇತಿಹಾಸ

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಬಯಲಿನ ಪ್ರಾಣಿಪಕ್ಷಿಗಳ ಬಗೆಗಿನ ತಿಳಿವಳಿಕೆ ಹೊಲದ ಬದು, ಹಳ್ಳದ ದಂಡೆ, ಕುರಿ ಮೇಯುವ ಮಡ್ಡಿಗಳಲ್ಲಿ ಬೆಳೆದುಬಂದದ್ದು. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ಹರಿಯುವ ಈ ಸೀಮೆಯಲ್ಲಿ ವರ್ಷದ ಮಳೆ ಸುಮಾರು 600 ಮಿ.ಮೀ. ಮಾತ್ರ. ವಿಜಯಪುರ ಜಿಲ್ಲೆಯ ಅರಣ್ಯ ಬಹುಕಾಲ ಶೇ. 1ನ್ನೂ ಮುಟ್ಟಿರಲಿಲ್ಲ. ಹೀಗಾಗಿ ಕಾಡೆಂದರೆ ಮರಗಳ ಗುಂಪು ಎಂದು ತಿಳಿದವರಿಗೆ ಇಲ್ಲಿ ನೋಡಲು ಏನೂ ಇಲ್ಲವೆನಿಸಿತು. ಆದರೆ ದಖ್ಖನ್ ಬಯಲಿನ ತೋಳ, ಚಿಗರಿ, ಕೆಂಪು ನರಿ, ಕತ್ತೆಕಿರುಬ, ಒಂದು ಕಾಲಕ್ಕೆ ಎರೆಭೂತವೆಂಬ ದೊಡ್ಡ ಹಕ್ಕಿ, ಇವೆಲ್ಲ ಮರವಿಲ್ಲದ ನೆಲವನ್ನೇ ನೆಚ್ಚಿದ ಜೀವಿಗಳು.

ಇಲ್ಲಿಯ ನೆಲೆಗಳನ್ನು ಗುರುತಿಸುವ ಮಾತುಗಳು ರೈತರ ಬಾಯಲ್ಲೇ ಇವೆ. ಎರಿ ಎಂದರೆ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುವ ಕಪ್ಪು ಮಣ್ಣು. ಬೇಸಿಗೆಯಲ್ಲಿ ಇದು ಆಳವಾಗಿ ಬಿರಿಯುತ್ತದೆ. ಆ ಬಿರುಕುಗಳು ಇಲಿ, ಓತಿಕ್ಯಾತ, ಹಾವುಗಳಿಗೆ ಆಸರೆ. ಮಡ್ಡಿ ಎಂದರೆ ಕಲ್ಲುಮಿಶ್ರಿತ ಎತ್ತರದ ನೆಲ; ಹುಲ್ಲು, ತಂಗಡಿ, ಬಾರಿ, ಜಾಲಿ ಬೆಳೆಯುವ ಇಂಥ ಕಡೆ ಕವಜುಗ, ಮೊಲ, ತೋಳ ಸಿಗುತ್ತವೆ. ಹಳ್ಳದ ಕೊರಕಲುಗಳು ನರಿ, ತೋಳಗಳ ಬಿಲಗಳಿಗೆ ತಕ್ಕ ಜಾಗ. ಊರಿನ ದನ ಮೇಯುವ ಗಾಯರಾಣಗಳಲ್ಲಿ ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಸೆಳೆವ ಹಕ್ಕಿಗಳು ಬಂದು ಇಲಿ, ಮಿಡತೆ ಹಿಡಿಯುತ್ತವೆ. ಜೋಳ ತೆನೆಗಟ್ಟುವ ಹೊತ್ತಿಗೆ ಗುಲಾಬಿ ಮೈನಾಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಅಟ್ಟಣೆ ಏರಿ ಕವಣಿ ಬೀಸಿ ಹಕ್ಕಿ ಕಾಯುವ ಹುಡುಗನಿಗೆ ಯಾವುದು ಯಾವ ವಾರ ಬರುತ್ತದೆ, ಯಾವ ಹೊತ್ತಿಗೆ ಮೇಯುತ್ತದೆ ಎಂಬುದು ಗೊತ್ತಿರಲೇಬೇಕಿತ್ತು.

ಈ ಪ್ರದೇಶದ ಪ್ರಾಣಿಜ್ಞಾನ ಬರಹಕ್ಕೆ ಇಳಿದ ಹಳೆಯ ನಿದರ್ಶನ ಕಲ್ಯಾಣ ಚಾಲುಕ್ಯರ ಕಾಲದ್ದು. ಅರಸ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಬೇಟೆ, ನಾಯಿ, ಹಕ್ಕಿ, ಮೀನುಗಳ ಮೇಲೆ ಪ್ರತ್ಯೇಕ ಅಧ್ಯಾಯಗಳಿವೆ. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡುಜಿಂಕೆಯನ್ನು ಸೆಳೆಯುವ ಬಗೆಯನ್ನು ಅದು ವಿವರಿಸುತ್ತದೆ. ಮೀನುಗಳನ್ನು ಕುರಿತ 'ಮತ್ಸ್ಯವಿನೋದ'ವಂತೂ ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ ಎಂಬುದನ್ನು ಹೇಳುತ್ತದೆ. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ಪರಿಶೀಲಿಸಿ, ಅದರ ಮೀನುಗಳನ್ನು ಇಂದಿನ ಜಾತಿಗಳೊಂದಿಗೆ ಹೊಂದಿಸಲು ಯತ್ನಿಸಿದರು. ಅರಮನೆಯ ಗ್ರಂಥಕ್ಕೆ ಇಷ್ಟು ವಿವರ ಒದಗಿದ್ದರೆ ಅದರ ಮೂಲ ಬಲೆ ಬೀಸುವವರ, ಬೇಟೆಯವರ ಅನುಭವವಲ್ಲದೆ ಬೇರೆ ಇರಲಾರದು.

ಬರಹದ ಹೊರಗಿನ ತಿಳಿವಳಿಕೆ ಕಸುಬಿನ ಮೂಲಕ ಸಾಗಿಬಂತು. ಮಳೆ ನೋಡಿಕೊಂಡು ಹಟ್ಟಿ ಬದಲಿಸುವ ಕುರುಬರಿಗೆ ತೋಳದ ದಾರಿ, ಮರಿ ಹಾಕುವ ಕಾಲ, ಹಿಂಡಿನ ಮೇಲೆ ಬೀಳುವ ರೀತಿ ತಿಳಿದಿತ್ತು. ತೋಳ ಒಯ್ದ ಒಂದೆರಡು ಮರಿ ಅದರ ಪಾಲೇ ಎಂಬ ಮಾತು ದಖ್ಖನಿನ ಕುರಿಗಾರರಲ್ಲಿ ಇಂದಿಗೂ ಕೇಳಿಬರುತ್ತದೆ. ಭೀಮೆಯ ಅಂಬಿಗರು ಮಡುವು, ಮೀನು, ಮೊಸಳೆಗಳನ್ನು ಬಲ್ಲವರು. ನಸುಕಿನಲ್ಲಿ ಮನೆಬಾಗಿಲಿಗೆ ಬರುವ ಬುಡಬುಡಕಿಯವರು ಹಾಲಕ್ಕಿಯ ಕೂಗಿನಿಂದ ಶಕುನ ಹೇಳುತ್ತಿದ್ದರು. ಶಕುನ ಏನೇ ಇರಲಿ, ಆ ಪುಟ್ಟ ಗೂಬೆಯ ಬೇರೆಬೇರೆ ದನಿಗಳನ್ನು ಅವರಷ್ಟು ಗಮನವಿಟ್ಟು ಕೇಳಿದವರು ಕಡಿಮೆ. ಎಲ್ಲರಿಗಿಂತ ಸೂಕ್ಷ್ಮ ಕಣ್ಣು ಹರಣಶಿಕಾರಿಗಳದು. ಚಿಗರಿ ಬೇಟೆಗಾರ, ಪಾರ್ಧಿ ಎಂದೂ ಕರೆಸಿಕೊಂಡ ಈ ಜನ ಪಳಗಿಸಿದ ಎತ್ತಿನ ಮರೆಯಲ್ಲಿ ನಡೆದು ಹಕ್ಕಿಗಳ ಹತ್ತಿರ ಸರಿಯುತ್ತಿದ್ದರು. ಪಂಜರದ ಕವಜುಗವನ್ನು ಕೂಗಿಸಿ ಬಯಲಿನ ಕವಜುಗವನ್ನು ಉರುಲಿಗೆ ಕರೆಯುತ್ತಿದ್ದರು. ಹೆಜ್ಜೆ, ಹಿಕ್ಕೆ, ಕೂಗು, ಗೂಡು ಇವುಗಳ ಓದು ಅವರಲ್ಲಿ ತಂದೆಯಿಂದ ಮಗನಿಗೆ ಬರುತ್ತಿತ್ತು.

19ನೆಯ ಶತಮಾನದ ಯುರೋಪಿಯನ್ ಅಧಿಕಾರಿಗಳು ಈ ತಿಳಿವಳಿಕೆಯನ್ನು ಕೇಳಿ ಬರೆದುಕೊಂಡಾಗ ಅದು ಜಗತ್ತಿನ ಪ್ರಾಣಿಶಾಸ್ತ್ರಕ್ಕೆ ಸೇರಿತು. ಮುಂಬಯಿ ಸರಕಾರಕ್ಕಾಗಿ ದಖ್ಖನಿನ ಅಂಕಿಅಂಶ ಸಂಗ್ರಹಿಸಿದ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ 1831ರಲ್ಲಿ ಇಲ್ಲಿಯ ತೋಳಕ್ಕೆ ಕೇನಿಸ್ ಪಾಲಿಪೆಸ್ ಎಂಬ ಹೆಸರು ಕೊಟ್ಟ. ಮರುವರ್ಷ ದಖ್ಖನಿನ ಹಕ್ಕಿಗಳ ಪಟ್ಟಿಯನ್ನು ಪ್ರಕಟಿಸಿದ. ಆದರೆ ಕನ್ನಡ ನಾಡಿನ ಮಟ್ಟಿಗೆ ಸೈಕ್ಸ್‌ಗಿಂತ ಮುಖ್ಯನಾದವನು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಸೆರೆಯಾಳಾಗಿದ್ದ ಈ ಧಾರವಾಡದ ಅಧಿಕಾರಿ ಶಾಸನಗಳನ್ನೂ ಪ್ರಾಣಿಗಳನ್ನೂ ಒಂದೇ ಆಸಕ್ತಿಯಿಂದ ಸಂಗ್ರಹಿಸಿದ. ದಕ್ಷಿಣ ಮರಾಠಾ ಸೀಮೆ ಎನ್ನಿಸಿಕೊಂಡಿದ್ದ ನಾಡಿನ ಸಸ್ತನಿಗಳ ಮೇಲೆ ಅವನು ಬರೆದ ಲೇಖನ 1839ರಲ್ಲಿ ಮದ್ರಾಸಿನ ಸಾಹಿತ್ಯ-ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರತಿ ಪ್ರಾಣಿಗೂ ಸ್ಥಳೀಯ ಭಾಷೆಗಳ ಹೆಸರನ್ನು ಕೊಡುವುದಾಗಿ ಅದರ ಶೀರ್ಷಿಕೆಯೇ ಸಾರಿತ್ತು.

ಎಲಿಯಟ್‌ನ ಬರಹದ ಬೆಲೆ ಇರುವುದು ನಡವಳಿಕೆಯ ವಿವರಗಳಲ್ಲಿ. ತೋಳಗಳು ಗುಂಪಾಗಿ ಬೇಟೆಯಾಡುವುದನ್ನೂ, ಮೇಯುವ ಚಿಗರಿಗಳ ಸುತ್ತ ಬೇರೆಬೇರೆ ಕಡೆ ಅಡಗಿ ಕಾಯುವುದನ್ನೂ ಅವನು ದಾಖಲಿಸಿದ. ಮೂರು ತೋಳ ಚಿಂಕಾರಗಳ ಹಿಂಡನ್ನು ಹಳ್ಳದ ಕಡೆಗೆ ಅಟ್ಟಿದಾಗ ಅಲ್ಲಿ ಇನ್ನೆರಡು ಹೊಂಚು ಹಾಕಿದ್ದ ಪ್ರಸಂಗ ಅವನ ಬರಹದಿಂದ ಮುಂದಿನ ಪ್ರಾಣಿಗ್ರಂಥಗಳಿಗೆ ಹೋಯಿತು. ಇಲಿಗಳ ಬಗ್ಗೆ ಅವನಿಗೆ ಗುರುಗಳಾದವರು ವಡ್ಡರು. ಬಿಲ ಅಗೆದು ಇಲಿ ಹಿಡಿಯುತ್ತಿದ್ದ ಅವರು ಒಂದೊಂದು ಜಾತಿಗೂ ಬೇರೆ ಹೆಸರಿಟ್ಟಿದ್ದರು, ಒಂದೊಂದರ ಬಿಲದ ಆಕಾರವನ್ನೂ ಬಲ್ಲವರಾಗಿದ್ದರು. ಎಲಿಯಟ್ ಕಳಿಸಿದ ಮಾದರಿಗಳನ್ನು ಲಂಡನ್ನಿನಲ್ಲಿ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಹೆಸರಿಸಿದಾಗ ವಡ್ಡರ 'ಮೆಟ್ಟಾಡೆ' ಇಂದಿನ ಮಿಲಾರ್ಡಿಯಾ ಮೆಲ್ಟಾಡಾ ಜಾತಿನಾಮದಲ್ಲಿ ಉಳಿಯಿತು. ಕನ್ನಡದ 'ಗುಲಂಡಿ'ಯಿಂದ ಗೋಲುಂಡಾ ಎಂಬ ಕುಲನಾಮ ಬಂತು.

ಮೆಟ್ಟಾಡೆಯ ಕಥೆಯಲ್ಲಿ ಎರಿ ಭೂಮಿಯ ಪರಿಸರದ ಒಳಗುಟ್ಟೂ ಇದೆ. 1826ರಲ್ಲಿ ಮುಂಗಾರು ಕೈಕೊಟ್ಟಿತು. ಆ ವರ್ಷವೂ ಮರುವರ್ಷವೂ ಈ ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿದವು ಎಂದು ಎಲಿಯಟ್ ಬರೆದಿದ್ದಾನೆ. ಬಿತ್ತಿದ ಬೀಜ ತಿಂದವು, ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ಪೂರ್ತಿ ಹೊಲಗಳೇ ಹಾಳಾಗಿ ರೈತರು ತೆರಿಗೆ ಕಟ್ಟಲಾಗದೆ ಹೋದರು. ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂಬ ಕರಾರಿನ ಮೇಲೆ ವಡ್ಡರು ಸಾವಿರಗಟ್ಟಲೆ ಇಲಿ ಕೊಂದರೂ ಸಂಖ್ಯೆ ತಗ್ಗಲಿಲ್ಲ. ಸೆಳೆವ, ಗೂಬೆ, ನರಿ, ಹಾವುಗಳು ಒಕ್ಕಲುತನಕ್ಕೆ ಏನು ಮಾಡಿಕೊಡುತ್ತವೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಈ ಭಾಗದಲ್ಲಿ ಸಿಗುವುದು ಕಷ್ಟ.

ವಿಜಯಪುರ ಭಾಗ 1848ರವರೆಗೆ ಸಾತಾರಾ ಸಂಸ್ಥಾನದಲ್ಲಿತ್ತು, ಆಮೇಲೆ ಮುಂಬಯಿ ಆಡಳಿತಕ್ಕೆ ಬಂತು. 1864ರಲ್ಲಿ ಕಲಾದಗಿ ಜಿಲ್ಲೆ ರಚನೆಯಾಯಿತು. ಅಧ್ಯಯನವೂ ಅದೇ ಗಡಿಗಳಲ್ಲಿ ಹಂಚಿಹೋಯಿತು. ಜೇಮ್ಸ್ ಡೇವಿಡ್‌ಸನ್ ಮತ್ತು ವೆಂಡನ್ 1878ರಲ್ಲಿ ದಖ್ಖನಿನ ಹಕ್ಕಿಗಳ ಮೇಲೆ ಬರೆದರು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ವಿಜಾಪುರ ಗ್ಯಾಝೆಟಿಯರ್ 1884ರಲ್ಲಿ ಪ್ರಕಟವಾಗಿ ಜಿಲ್ಲೆಯ ಮರ, ಪ್ರಾಣಿ, ಮೀನುಗಳ ಮಾಹಿತಿಯನ್ನು ಒಂದೆಡೆ ತಂದಿತು. ಮುಂದೆ ಸಲೀಂ ಅಲಿ ನಡೆಸಿದ ಹೆಸರಾಂತ ಪಕ್ಷಿ ಸಮೀಕ್ಷೆಗಳು ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳವು. ಎರಡಕ್ಕೂ ಸೇರದ ಸಿಂದಗಿ, ಇಂಡಿಗಳು ನಡುವೆ ಉಳಿದವು.

ಇದೇ ಕಾಲದಲ್ಲಿ ದೊಡ್ಡ ನಷ್ಟವೊಂದು ನಡೆಯಿತು. 1871ರ ಅಪರಾಧಿ ಬುಡಕಟ್ಟು ಕಾಯಿದೆಯ ಮುಂದುವರಿಕೆಯಾಗಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ವಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಹರಣಶಿಕಾರಿಗಳೂ ತಂತಿಬೇಲಿಯೊಳಗೆ ಸೇರಿ ಗಿರಣಿ ಕೂಲಿಗಳಾದರು. 1952ರಲ್ಲಿ ಆ ಕಾಯಿದೆ ರದ್ದಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಪ್ರಾಣಿಗಳ ಉಳಿವಿಗೆ ಈ ನಿಷೇಧ ಅಗತ್ಯವೇ ಆಗಿತ್ತು. ಆದರೆ ಬಯಲನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಜನರನ್ನು ಗಣತಿಗೆ, ಕಾವಲಿಗೆ, ಕಲಿಸುವುದಕ್ಕೆ ಬಳಸಿಕೊಳ್ಳುವ ಯೋಚನೆ ಆ ಹೊತ್ತಿನಲ್ಲಿ ಯಾರಿಗೂ ಬರಲಿಲ್ಲ. ಅನ್ಯಾಯಕ್ಕೆ ಒಳಗಾದವರ ಜತೆಗೆ ಅವರ ವಿದ್ಯೆಯೂ ಮರೆಯಾಯಿತು.

ಜನಪದದ ತಿಳಿವಳಿಕೆಯನ್ನು ಗೌರವದಿಂದ ಬರೆದಿಡುವ ಕೆಲಸ ಸೆಟ್ಲಮೆಂಟುಗಳು ಎದ್ದ ದಿನಗಳಲ್ಲೇ ಬೇರೊಂದು ದಿಕ್ಕಿನಿಂದ ಶುರುವಾಯಿತು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಒಕ್ಕಲಿಗರ ಮನೆಯ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿದರು. 'ಗರತಿಯ ಹಾಡು' 1931ರಲ್ಲಿ ಪ್ರಕಟವಾಯಿತು. ಇವರ ಗುರಿ ಸಾಹಿತ್ಯವಾಗಿತ್ತು, ಪ್ರಾಣಿಶಾಸ್ತ್ರವಲ್ಲ. ಹಾಗಿದ್ದರೂ ಬೀಸುವ, ಕುಟ್ಟುವ, ಹಂತಿ ಕಟ್ಟುವ ಹಾಡುಗಳಲ್ಲಿ ಬೆಳೆ, ಗಿಡ, ಹಕ್ಕಿ, ಮಳೆಯ ನಕ್ಷತ್ರಗಳು ಸಹಜವಾಗಿ ಬರುತ್ತವೆ. ಆ ಕಾಲದ ಬಯಲಲ್ಲಿ ಜನರ ಕಣ್ಣಿಗೆ ಏನು ಬೀಳುತ್ತಿತ್ತು ಎಂಬುದಕ್ಕೆ ಅವು ನಂಬಬಹುದಾದ ಆಧಾರಗಳು. ಈ ದೃಷ್ಟಿಯಿಂದ ಅವನ್ನು ಇನ್ನೂ ಚೆನ್ನಾಗಿ ಓದಬೇಕಾಗಿದೆ.

ಶಾಲೆಯ ಮಕ್ಕಳಿಗೆ ಪ್ರಾಣಿಲೋಕ ಕನ್ನಡದಲ್ಲಿ ದೊರೆತದ್ದು ಶಿವರಾಮ ಕಾರಂತರ 'ಬಾಲ ಪ್ರಪಂಚ', ಆಮೇಲೆ 'ವಿಜ್ಞಾನ ಪ್ರಪಂಚ' ಸಂಪುಟಗಳಿಂದ. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು', 'ಹಕ್ಕಿಪುಕ್ಕ' ಹಕ್ಕಿ ನೋಡುವ ಹವ್ಯಾಸವನ್ನು ಹಳ್ಳಿಯ ಓದುಗರಿಗೆ ಮುಟ್ಟಿಸಿದವು. ಇಬ್ಬರ ಅನುಭವವೂ ಹೆಚ್ಚಾಗಿ ಪಶ್ಚಿಮಘಟ್ಟದ ಸುತ್ತಿನದು. ಹುಲ್ಲುಬಯಲಿನ ಹಕ್ಕಿಗಳಿಗೆ ಅಂಥ ಸೊಗಸಾದ ಪುಸ್ತಕ ಇನ್ನೂ ಬರಬೇಕಿದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಿಕ ಮತ್ತು 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ, ತಮ್ಮೂರಿನ ಕೆರೆ, ಹಳ್ಳ, ಗಿಡಗಳನ್ನೇ ಅಧ್ಯಯನದ ವಸ್ತುವಾಗಿ ಎತ್ತಿಕೊಳ್ಳಲು ಮಕ್ಕಳಿಗೂ ಶಿಕ್ಷಕರಿಗೂ ದಾರಿಮಾಡಿದವು.

ಸ್ಥಳೀಯ ನಿಸರ್ಗಾಸಕ್ತರ ಗಮನ ಏನು ಸಾಧಿಸಬಲ್ಲದು ಎಂಬುದಕ್ಕೆ ಭೀಮೆಯ ಆಚೆಯ ನಾನ್ನಜ್ ಉದಾಹರಣೆ. ಸೊಲ್ಲಾಪುರದ ಬಿ.ಎಸ್. ಕುಲಕರ್ಣಿಯವರು 1970ರ ದಶಕದ ಆರಂಭದಲ್ಲಿ ಅಲ್ಲಿಯ ಹುಲ್ಲುಗಾವಲಿನಲ್ಲಿ ಎರೆಭೂತ ಹಕ್ಕಿಗಳಿರುವುದನ್ನು ಹೊರಜಗತ್ತಿಗೆ ತಿಳಿಸಿದರು. 1979ರಲ್ಲಿ ಆ ಪ್ರದೇಶ ಪಕ್ಷಿಧಾಮವಾಯಿತು. ಸೊಲ್ಲಾಪುರದಲ್ಲೇ ಹುಟ್ಟಿದ ಅರಣ್ಯಾಧಿಕಾರಿ ಮಾರುತಿ ಚಿತಮಪಲ್ಲಿ (1932–2025) ಆದಿವಾಸಿಗಳಿಂದ, ಬೇಟೆಗಾರರಿಂದ ಕಲಿತದ್ದನ್ನು ಮರಾಠಿಯಲ್ಲಿ ಬರೆದು ಪಕ್ಷಿಕೋಶವನ್ನೂ ಕಟ್ಟಿದರು. ಕರ್ನಾಟಕದ ಕಡೆ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ರಾಣೇಬೆನ್ನೂರಿನ ಚಿಗರಿ ಮತ್ತು ಎರೆಭೂತಗಳ ಬಗ್ಗೆ, ಧಾರವಾಡದ ಜೆ.ಸಿ. ಉತ್ತಂಗಿ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಕಾಳಜಿ ವಹಿಸಿದರು. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು.

ಕಳೆದ ಅರ್ಧ ಶತಮಾನದಲ್ಲಿ ಸೀಮೆಯ ನೆಲೆಗಳೇ ಬದಲಾದವು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟು 2005ರಲ್ಲಿ ಪೂರ್ಣಗೊಂಡಿತು. ನಾರಾಯಣಪುರದ ಬಸವಸಾಗರ 1982ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಹಿನ್ನೀರಿಗೆ ಚಳಿಗಾಲದಲ್ಲಿ ಹೆಬ್ಬಾತು, ಬೇಸಿಗೆಯ ಕಡೆಗೆ ರಾಜಹಂಸಗಳು ಬರತೊಡಗಿದವು. ನೀರಿಳಿದ ನಡುಗಡ್ಡೆಗಳಲ್ಲಿ ರೀವಗಳು ಮೊಟ್ಟೆಯಿಡುತ್ತವೆ. ಈ ಹಕ್ಕಿಗಳ ಬರುಹೋಗನ್ನು ಮೊದಲು ಗಮನಿಸುವವರು ಹಿನ್ನೀರಿನ ಮೀನುಗಾರರು, ಕಡಲೆ ಹೊಲ ಕಾಯುವವರು. ಅತ್ತ ಇಂಡಿ ಶಾಖಾ ಕಾಲುವೆಯ ನೀರು ಹರಿದಲ್ಲೆಲ್ಲ ಕಬ್ಬು, ನಿಂಬೆ, ದ್ರಾಕ್ಷಿ ಹಬ್ಬಿ, ಬಿಳಿಜೋಳದ ಬಯಲನ್ನು ನಂಬಿದ್ದ ಪ್ರಾಣಿಗಳ ಜಾಗ ಕುಗ್ಗಿತು. ಬಳ್ಳಾರಿ ಜಾಲಿ ಗಾಯರಾಣಗಳನ್ನು ಮುಚ್ಚುತ್ತ ಬಂತು.

ಸರಕಾರಿ ದಾಖಲೆಗಳಲ್ಲಿ ಹುಲ್ಲುಬಯಲು ಪಾಳುಭೂಮಿ ಎನ್ನಿಸಿಕೊಂಡದ್ದು ಹಳೆಯ ತಪ್ಪು. 2016ರ ಸುಮಾರಿಗೆ ವಿಜಯಪುರದಲ್ಲಿ ಶುರುವಾದ ಕೋಟಿ ವೃಕ್ಷ ಅಭಿಯಾನ ಊರು, ರಸ್ತೆ, ಕೆರೆದಂಡೆಗಳಿಗೆ ನೆರಳು ತಂದಿದೆ, ಜನರಲ್ಲಿ ಗಿಡದ ಪ್ರೀತಿ ಬೆಳೆಸಿದೆ. ಆದರೆ ಮಡ್ಡಿ, ಗಾಯರಾಣಗಳನ್ನೂ ಮರ ನೆಟ್ಟು ತುಂಬಿಸಿದರೆ ಚಿಗರಿ, ತೋಳ, ಕವಜುಗಗಳ ಮನೆ ಹೋಗುತ್ತದೆ. ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕುರಿಗಾರರನ್ನು ಕೇಳಿ ನಿರ್ಧರಿಸುವುದು ಸರಿಯಾದ ಕ್ರಮ. ಸುತ್ತಮುತ್ತಲಿನ ಜಿಲ್ಲೆಗಳಲ್ಲಿ ಬಯಲಿನ ಪ್ರಾಣಿಗಳಿಗಾಗಿಯೇ ರಕ್ಷಿತ ತಾಣಗಳು ಬಂದಿವೆ: ಬೀಳಗಿ–ಮುಧೋಳ ಭಾಗದಲ್ಲಿ 2016ರ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ, ಗಂಗಾವತಿ ತಾಲೂಕಿನಲ್ಲಿ 2023ರ ಬಂಕಾಪುರ ತೋಳ ವನ್ಯಜೀವಿಧಾಮ.

ಸ್ಥಳೀಯರ ತಿಳಿವಳಿಕೆಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 2002ರ ಜೀವವೈವಿಧ್ಯ ಕಾಯಿದೆಯಿಂದ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಮುಂದಿಟ್ಟ ಜನತಾ ಜೀವವೈವಿಧ್ಯ ದಾಖಲಾತಿಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ತನ್ನ ಊರಿನ ಗಿಡ, ಪ್ರಾಣಿ, ತಳಿ, ನೆಲೆ ಹಾಗೂ ಅವುಗಳ ಬಗ್ಗೆ ಜನರಿಗಿರುವ ಅರಿವನ್ನು ಬರೆದಿಡಬೇಕು. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ಜೀವವೈವಿಧ್ಯ ಮಂಡಳಿ ರಾಜ್ಯದಲ್ಲಿ ಇದರ ಹೊಣೆ ಹೊತ್ತಿದೆ. ನಮೂನೆ ತುಂಬಿಸುವ ಅವಸರದಲ್ಲಿ ಪಟ್ಟಿಗಳನ್ನು ನಕಲು ಮಾಡಿದರೆ ಈ ದಾಖಲಾತಿಗೆ ಬೆಲೆಯಿಲ್ಲ. ಕುರುಬರು, ಅಂಬಿಗರು, ವಡ್ಡರು, ಹರಣಶಿಕಾರಿಗಳ ಹಿರಿಯರನ್ನು ಕೂರಿಸಿಕೊಂಡು, ಅವರು ಬಳಸುವ ಹೆಸರುಗಳಲ್ಲೇ, ಯಾವ ಹಕ್ಕಿ ಯಾವ ಹೊಲದಲ್ಲಿ ಯಾವ ತಿಂಗಳು ಎಂಬ ವಿವರದೊಂದಿಗೆ ಬರೆದ ದಾಖಲೆ ಮಾತ್ರ ಸಂಶೋಧಕರಿಗೂ ಶಾಲೆಗೂ ಉಪಯೋಗಕ್ಕೆ ಬರುತ್ತದೆ.