ಬೆರಳಬುಗುರಿ: ಕಿರಿದಾದ ವಸ್ತುವಿನ ಹಿರಿದಾದ ಚರಿತ್ರೆ

ಬುಗುರಿ ಎಂದೊಡನೆ ಚಾಟಿ ಸುತ್ತಿ ಬೀಸಿ ಎಸೆಯುವ ಬುಗುರಿಯೇ ಕಣ್ಮುಂದೆ ನಿಲ್ಲುತ್ತದೆ. ಚಾಟಿಯ ಹಂಗಿಲ್ಲದೆ, ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ಬಿಡುವ ಪುಟ್ಟ ಬುಗುರಿಯದು ಬೇರೊಂದು ಕುಲ. ಸಂಸ್ಕೃತದ ‘ಭ್ರಮರಕ’ ಶಬ್ದಕ್ಕೆ ದುಂಬಿ, ಸುಳಿ, ಬುಗುರಿ ಎಂಬ ಅರ್ಥಗಳಿವೆ. ಮರಾಠಿಯ ‘ಭೋವರಾ’ ಸಹ ಬುಗುರಿಯನ್ನೂ ನೀರಸುಳಿಯನ್ನೂ ಸೂಚಿಸುತ್ತದೆ. ಭಾಷೆ ಗುರುತಿಸಿರುವುದು ತಿರುಗುವ ಗುಣವನ್ನು, ತಿರುಗಿಸಿದ ಬಗೆಯನ್ನಲ್ಲ. ಆದ್ದರಿಂದ ಬೆರಳಬುಗುರಿಯ ಚರಿತ್ರೆಯನ್ನು ನಿಘಂಟಿಗಿಂತ ಹೆಚ್ಚಾಗಿ ವಸ್ತುವಿನಲ್ಲಿಯೇ ಓದಬೇಕಾಗುತ್ತದೆ.

ಈ ಓದು ಸುಲಭವಲ್ಲ. ಹರಪ್ಪದ ಉತ್ಖನನದಲ್ಲಿ ಸುಟ್ಟ ಮಣ್ಣಿನ ಬುಗುರಿಗಳು ದೊರೆತಿವೆ. ಆದರೆ ಪ್ರಾಚೀನ ನೆಲೆಗಳಲ್ಲಿ ಸಿಗುವ, ನಡುವೆ ರಂಧ್ರವಿರುವ ಮಣ್ಣಿನ ಬಿಲ್ಲೆ ನೂಲುವ ಕದಿರಿನದೋ ಮಗುವಿನ ಆಟಿಕೆಯದೋ ಎಂದು ನಿರ್ಧರಿಸುವುದು ಕಷ್ಟ. ಬಿಲ್ಲೆಗೆ ತೂರಿಸಿದ್ದ ಕಡ್ಡಿ ಮಣ್ಣಾಗಿರುತ್ತದೆ; ಅದರೊಡನೆ ಬೆರಳಿನ ಸಾಕ್ಷ್ಯವೂ ಅಳಿದಿರುತ್ತದೆ.

ಉಳಿದು ಬಂದಿರುವ ಬಗೆಗಳು ಆಯಾ ನಾಡಿನ ಬದುಕನ್ನು ಹೇಳುತ್ತವೆ. ಜಪಾನಿನ ಮಕ್ಕಳು ಓಕ್ ಮರದ ಕಾಯಿಗೆ ಕಡ್ಡಿ ಚುಚ್ಚಿ ಬುಗುರಿ ಮಾಡಿಕೊಂಡರು. ನಡುವೆ ತೂತಿರುವ ನಾಣ್ಯಗಳನ್ನು ಪೇರಿಸಿ ಅಚ್ಚು ತೂರಿಸಿಯೂ ಆಡಿಸಿದರು. ಯುರೋಪಿನಲ್ಲಿ ನಾಲ್ಕು ಮುಖಗಳ ‘ಟೀಟೋಟಮ್’ ಪಣದಾಟದ ಸಾಧನವಾಯಿತು. ಅದರ ‘ಟಿ’ ಅಕ್ಷರ ಲ್ಯಾಟಿನ್ನಿನ ‘ಟೋಟಮ್’, ಅಂದರೆ ‘ಎಲ್ಲವೂ’ ಎಂಬುದರ ಸಂಕೇತ. ಆ ಮುಖ ಮೇಲೆ ಬಿದ್ದರೆ ಪಣವೆಲ್ಲವೂ ಆಡಿದವನದು. ಇದೇ ರೂಪ ಯೆಹೂದ್ಯರ ಹನುಕ್ಕಾ ಹಬ್ಬದಲ್ಲಿ ‘ಡ್ರೈಡೆಲ್’ ಆಗಿದೆ. ಅದರ ಮೇಲಿನ ಅಕ್ಷರಗಳಿಗೆ ‘ಅಲ್ಲಿ ಮಹಾಪವಾಡ ನಡೆಯಿತು’ ಎಂಬ ಅರ್ಥ ಕೂಡಿಕೊಂಡಿದೆ. ಪಣದ ಸಾಧನ ಸಮುದಾಯದ ನೆನಪಿನ ಸಾಧನವೂ ಆಯಿತು.

ಕರ್ನಾಟಕದಲ್ಲಿ ಬೆರಳಬುಗುರಿಯ ಪ್ರಮುಖ ನೆಲೆ ಚನ್ನಪಟ್ಟಣ. ಇಲ್ಲಿಯ ಅರಗಿನ ಆಟಿಕೆಗಳಿಗೆ ಟಿಪ್ಪು ಸುಲ್ತಾನನ ಆಶ್ರಯವಿತ್ತೆಂಬುದು ಪ್ರಚಲಿತ ಪ್ರತೀತಿ. ಸಾಂಪ್ರದಾಯಿಕವಾಗಿ ಬಳಸುವುದು ಹಾಲೆಮರ: ಹಗುರ, ಬಿಳಿ, ನವುರು. ಒಣಗಿಸಿದ ಮರವನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ರೂಪ ಕೊಡುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಜಾತಿಯ ಒಣಗರಿಯಿಂದ ಉಜ್ಜಿದಾಗ ಹೊಳಪೇರುತ್ತದೆ.

ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಉಳಿದ ಆಟಿಕೆಗಳು ಯಂತ್ರದಿಂದಿಳಿದ ಮೇಲೆ ನಿಶ್ಚಲ. ಬುಗುರಿಯಾದರೋ ತಿರುಗುತ್ತಲೇ ಹುಟ್ಟಿ, ತಿರುಗುವುದಕ್ಕಾಗಿಯೇ ಇರುವ ವಸ್ತು. ಯಂತ್ರದ ಅಕ್ಷವೇ ಬುಗುರಿಯ ಅಕ್ಷ. ಅದರ ಕೆಂಪು, ಹಳದಿ, ಹಸಿರು ಬಳೆಗಳು ಕುಂಚ ಬರೆದವಲ್ಲ, ತಿರುಗುವಿಕೆಯೇ ಬರೆದವು. ಕಡೆಯುವಾಗ ಕೈ ತುಸು ತಪ್ಪಿದ್ದರೆ ಬುಗುರಿ ನೆಲದ ಮೇಲೆ ಅದುರಿ ಆ ತಪ್ಪನ್ನು ಬಯಲುಮಾಡುತ್ತದೆ. ಮಗುವಿನ ಆಟವೇ ಕುಶಲಕರ್ಮಿಯ ಪರೀಕ್ಷೆ.

ಬುಗುರಿ ಸಂಗ್ರಹದ ಮಹತ್ತ್ವವನ್ನು ಮನಗಾಣಿಸಿದವರಲ್ಲಿ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಮುಖ್ಯರು. 1958ರಲ್ಲಿ ಅವರು ಸಿದ್ಧಪಡಿಸಿದ ‘ಇಂಡಿಯಾ ರಿಪೋರ್ಟ್’ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಹುಟ್ಟಿಗೆ ಪ್ರೇರಣೆಯಾಯಿತು. 1969ರ ಅವರ ‘ಟಾಪ್ಸ್’ ಎಂಬ ಕಿರುಚಿತ್ರ ಸುಮಾರು ಏಳು ನಿಮಿಷದ್ದು. ಅದರಲ್ಲಿ ಮಾತಿಲ್ಲ, ಭಾರತವೂ ಸೇರಿ ಹಲವು ನಾಡುಗಳ ಬುಗುರಿಗಳು ಎದ್ದು, ತಿರುಗಿ, ಒರಗುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಬುಗುರಿ ಅರ್ಧ ಬುಗುರಿ ಮಾತ್ರ ಎಂಬುದನ್ನು ಅದು ತೋರಿಸಿಕೊಟ್ಟಿತು.

ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅದು ಊರಿನ ಹೆಸರನ್ನು ಕಾಯುತ್ತದೆ. ಒಂದೊಂದು ಬುಗುರಿಯ ಹಿಂದಿರುವ ಕೈಯ ಹೆಸರನ್ನು ಕಾಯಬೇಕಾದವನು ಸಂಗ್ರಾಹಕ. ಯಾವ ಮರ, ಯಾರು ಕಡೆದದ್ದು, ಯಾವ ವರ್ಷ, ಆಡಿದ ಮಕ್ಕಳು ಅದನ್ನು ಏನೆಂದು ಕರೆದರು: ಈ ನಾಲ್ಕು ಮಾತುಗಳನ್ನು ಬರೆದಿಟ್ಟರೆ ಹಿಡಿಯಷ್ಟು ಬುಗುರಿಗಳೂ ದಾಖಲೆಯಾಗುತ್ತವೆ. ಬರೆದಿಡದಿದ್ದರೆ ಮುಂದಿನ ಸಂಶೋಧಕನ ಪಾಲಿಗೆ ಅವು ಕಡ್ಡಿ ಕಳೆದುಕೊಂಡ ಮಣ್ಣಿನ ಬಿಲ್ಲೆಗಳಂತೆಯೇ ಮೂಕವಾಗುತ್ತವೆ.