ಒಣದ್ರಾಕ್ಷಿಯ ಸುಂಕ ಮತ್ತು ದೊರೆಯ ಅಧಿಕಾರ



ಶೀರ್‌ಖುರ್ಮಾಕ್ಕೂ ಪಾಯಸಕ್ಕೂ ಹಾಕುವ ಒಣದ್ರಾಕ್ಷಿ ನಿಮಗೆಲ್ಲ ಗೊತ್ತು. ಅದೇ ಜಾತಿಯ ಸಣ್ಣ ಕಪ್ಪು ದ್ರಾಕ್ಷಿಯ ಸುಂಕಕ್ಕಾಗಿ ನಾಲ್ಕು ಶತಮಾನಗಳ ಹಿಂದೆ ಇಂಗ್ಲೆಂಡಿನಲ್ಲಿ ಒಂದು ಮೊಕದ್ದಮೆ ನಡೆಯಿತು. ಸುಂಕ ಹಾಕುವ ಹಕ್ಕು ಯಾರದು ಎಂಬುದೇ ಅಲ್ಲಿಯ ಪ್ರಶ್ನೆ.

ಆಗ ಒಂದನೇ ಜೇಮ್ಸ್ ದೊರೆಯಾಗಿದ್ದ. ಸುಮಾರು 50 ಕಿಲೋ ತೂಕದ ದ್ರಾಕ್ಷಿಗೆ ಪಾರ್ಲಿಮೆಂಟು ಒಪ್ಪಿದ್ದ ಸುಂಕ 2 ಶಿಲಿಂಗ್ 6 ಪೆನ್ಸ್. ಅದರ ಮೇಲೆ ದೊರೆಯ ಆಜ್ಞೆಯಿಂದಲೇ ಇನ್ನೂ 5 ಶಿಲಿಂಗ್ ಬಿತ್ತು. ಅಂದರೆ ಸುಂಕ ಮೂರು ಪಟ್ಟಾಯಿತು! ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದ ಈ ಹಣವನ್ನು ಕೊಡಲು ಜಾನ್ ಬೇಟ್ ಎಂಬ ವರ್ತಕ ನಿರಾಕರಿಸಿದ.

1606ರಲ್ಲಿ ಎಕ್ಸ್‌ಚೆಕರ್ ನ್ಯಾಯಾಲಯ ದೊರೆಯ ಪರವಾಗಿ ತೀರ್ಪು ನೀಡಿತು. ವಿದೇಶ ವ್ಯವಹಾರ ದೊರೆಯ ವಿಶೇಷಾಧಿಕಾರ, ಬಂದರುಗಳು ದೊರೆಯ ಹೆಬ್ಬಾಗಿಲುಗಳು, ಆದ್ದರಿಂದ ಅಲ್ಲಿ ಸುಂಕ ಹಾಕಲು ಅವನಿಗೆ ಅಧಿಕಾರವಿದೆ ಎಂಬುದು ನ್ಯಾಯಾಧೀಶರ ವಾದ.

ಬೇಟ್ ಸೋತ. ಅಲ್ಲಿಗೆ ವಿಷಯ ಮುಗಿಯಿತೇ? ಇಲ್ಲ. ಈ ತೀರ್ಪನ್ನೇ ಆಧಾರವಾಗಿಸಿ 1608ರಲ್ಲಿ ಅನೇಕ ಸರಕುಗಳ ಮೇಲೆ ಹೊಸ ಸುಂಕಗಳನ್ನು ಹೇರಲಾಯಿತು. 1610ರಲ್ಲಿ ಪಾರ್ಲಿಮೆಂಟಿನ ಸದಸ್ಯ ಜೇಮ್ಸ್ ವೈಟ್‌ಲಾಕ್, ಪಾರ್ಲಿಮೆಂಟಿನೊಳಗಿನ ದೊರೆಯ ಅಧಿಕಾರ ಅದರ ಹೊರಗಿನ ದೊರೆಯ ಅಧಿಕಾರಕ್ಕಿಂತ ದೊಡ್ಡದು ಎಂದು ವಾದಿಸಿದ. ಮುಂದೆ ಒಂದನೇ ಚಾರ್ಲ್ಸ್ ಕೂಡ ಒಪ್ಪಿಗೆಯಿಲ್ಲದೆ ಸುಂಕ ವಸೂಲು ಮಾಡಿದ. 1629ರಿಂದ ಹನ್ನೊಂದು ವರ್ಷ ಪಾರ್ಲಿಮೆಂಟನ್ನೇ ಕರೆಯಲಿಲ್ಲ. ಕೊನೆಗೆ 1641ರ ಕಾಯಿದೆ ಇಂತಹ ಸುಂಕಗಳನ್ನು ಅಕ್ರಮವೆಂದು ಸಾರಿತು. ದೊರೆ ತನ್ನ ವಿಶೇಷಾಧಿಕಾರದ ಹೆಸರಿನಲ್ಲಿ ಹಣ ಎತ್ತಕೂಡದೆಂದು 1689ರ ಹಕ್ಕುಗಳ ಮಸೂದೆ ಖಚಿತಪಡಿಸಿತು.

ನಮಗೂ ಇದಕ್ಕೂ ಏನು ಸಂಬಂಧವೆನ್ನುತ್ತೀರಾ? 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 265ನೇ ವಿಧಿಯಲ್ಲಿ ಇದೇ ತತ್ವವಿದೆ: ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ. ತುರ್ತು ಸಂದರ್ಭದಲ್ಲಿ ಆಮದು ಸುಂಕ ಏರಿಸಲು 1975ರ ಸುಂಕದರ ಕಾಯಿದೆ ಕೇಂದ್ರ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಆದರೆ ಆ ಅಧಿಸೂಚನೆಯನ್ನು ಸಂಸತ್ತಿನ ಮುಂದಿಡಲೇಬೇಕು.

ಸುಂಕ ಏರಿದರೆ ಕೊನೆಗೆ ಹಣ ಹೋಗುವುದು ಕೊಳ್ಳುವವನ ಜೇಬಿನಿಂದ. ಆದ್ದರಿಂದಲೇ ಅವನು ಆರಿಸಿದ ಪ್ರತಿನಿಧಿಗಳ ಒಪ್ಪಿಗೆ ಬೇಕು. ಸಂವಿಧಾನದ ಪುಸ್ತಕ ಕೈಗೆ ಸಿಕ್ಕಾಗ 265ನೇ ವಿಧಿಯನ್ನೊಮ್ಮೆ ತೆರೆದು ಓದಿ. ಅದು ಒಂದೇ ಸಾಲು. ಆದರೆ ಅದರ ಹಿಂದಿನ ಹೋರಾಟ ಬಹಳ ಉದ್ದವಾದದ್ದು.